ಚರ್ಚಿನ ಕಪಾಟಿನಿಂದ ತಂದ ಜೀವನಚರಿತ್ರೆಗಳು

ಡೇವಿಡ್ ಬ್ರೈನರ್ಡ್ ಅಂತ ಒಬ್ಬನಿದ್ದ. ನೀವು ಹೆಸರು ಕೇಳಿರುವ ಸಾಧ್ಯತೆ ಕಡಿಮೆ. ಹುಟ್ಟಿದ್ದು 1718ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಆಗಿನ್ನೂ ಅದು ಬ್ರಿಟಿಷರ ವಸಾಹತು. ಸತ್ತಿದ್ದು 1747ರಲ್ಲಿ, ಕ್ಷಯ ರೋಗದಿಂದ. ಲೆಕ್ಕ ಹಾಕಿ, ಬರೀ ಇಪ್ಪತ್ತೊಂಬತ್ತು ವರ್ಷ! ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು.

ಅವನ 'ಬಯೋಡೇಟಾ' ನೋಡಿದರೆ ಯಾವ ಕಂಪನಿಯವರೂ ಇಂಟರ್‌ವ್ಯೂಗೆ ಕರೆಯುತ್ತಿರಲಿಲ್ಲ. ಯೇಲ್ ಕಾಲೇಜಿನಲ್ಲಿ ಓದುತ್ತಿದ್ದವನನ್ನು ಮಧ್ಯದಲ್ಲೇ ಹೊರಹಾಕಿದರು. ಕಾರಣ ಕೇಳಿದರೆ ನಗು ಬರುತ್ತದೆ. ಕಾಲೇಜಿನ ಒಬ್ಬ ಮೇಷ್ಟರಿಗೆ ಒಂದು ಕುರ್ಚಿಗಿರುವಷ್ಟೂ ದೈವಕೃಪೆ ಇಲ್ಲ ಅಂತ ಗೆಳೆಯರ ನಡುವೆ ಹೇಳಿದ್ದನಂತೆ. ಅದನ್ನು ಯಾರೋ ಕೇಳಿಸಿಕೊಂಡು ಮೇಲಿನವರಿಗೆ ಮುಟ್ಟಿಸಿದರು. ಡಿಗ್ರಿ ಇಲ್ಲದೆ ಹೊರಬಿದ್ದವನು ಆಮೇಲೆ ಅಲ್ಲಿನ ಮೂಲನಿವಾಸಿಗಳ ನಡುವೆ ಮಿಷನರಿಯಾಗಿ ಕೆಲಸ ಮಾಡಿದ. ಅವರ ಭಾಷೆ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಕಾಡಿನಲ್ಲಿ ಕುದುರೆ ಮೇಲೆ ತಿರುಗಾಟ, ಕೆಮ್ಮಿದರೆ ರಕ್ತ, ಜತೆಗೆ ಬಿಡದೆ ಕಾಡುವ ಖಿನ್ನತೆ. ಹೀಗೆ ನಾಲ್ಕೈದು ವರ್ಷ, ಅಷ್ಟೇ. ಕೊನೆಗೆ ಜೊನಾಥನ್ ಎಡ್ವರ್ಡ್ಸ್ ಎಂಬ ಹೆಸರಾಂತ ಪಾದ್ರಿಯ ಮನೆಯಲ್ಲಿ ಪ್ರಾಣ ಬಿಟ್ಟ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಡೈರಿ ಬರೆಯುತ್ತಿದ್ದ. ಎಡ್ವರ್ಡ್ಸ್ ಆ ಡೈರಿಯನ್ನು ಜೋಡಿಸಿ 1749ರಲ್ಲಿ ಒಂದು ಜೀವನಚರಿತ್ರೆ ಪ್ರಕಟಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುವ ಕೆಲಸ!

ಈ ಬ್ರೈನರ್ಡ್ ನನಗೆ ಗಂಟುಬಿದ್ದಿದ್ದು ಹೇಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮೂರು ಕರಾವಳಿಯ ಒಂದು ಸಣ್ಣ ಪೇಟೆ. ಅಲ್ಲಿ ಬಾಸೆಲ್ ಮಿಷನ್ ಕಾಲದ ಒಂದು ಹಂಚಿನ ಮಾಡಿನ ಚರ್ಚು. ಅದರ ಪಕ್ಕದ ಕೋಣೆಯಲ್ಲಿ ಎರಡು ಮರದ ಕಪಾಟು, ಅದೇ ಲೈಬ್ರರಿ. ನಾವು ಚರ್ಚಿಗೆ ಹೋಗುವವರಲ್ಲ, ನಮ್ಮದು ದೇವಸ್ಥಾನದ ಬೀದಿ. ಆದರೆ ಲೈಬ್ರರಿ ನೋಡಿಕೊಳ್ಳುತ್ತಿದ್ದ ರಿಟೈರ್ಡ್ ಟೀಚರು ಅದನ್ನೆಲ್ಲ ಕೇಳಿದವರೇ ಅಲ್ಲ. "ಪುಟ ಮಡಚಬಾರದು, ಎರಡು ವಾರದಲ್ಲಿ ವಾಪಸ್ ತರಬೇಕು, ಆಯ್ತಾ ಮಾರಾಯ?" ಇಷ್ಟೇ ಅವರ ಕಾನೂನು. ಊರಿನ ಸರ್ಕಾರಿ ಲೈಬ್ರರಿಯಲ್ಲಿ ಕಾದಂಬರಿಗಳದ್ದೇ ರಾಜ್ಯ. ಚರ್ಚಿನ ಕಪಾಟಿನಲ್ಲಿ ಧಾರ್ಮಿಕ ಪುಸ್ತಕ ಬಿಟ್ಟರೆ ಉಳಿದದ್ದೆಲ್ಲ ಜೀವನಚರಿತ್ರೆ. ಭಾನುವಾರದ ಶಾಲೆಯ ಮಕ್ಕಳಿಗೆ ಮಾದರಿ ತೋರಿಸಲು ತರಿಸಿದ್ದಿರಬೇಕು. ಲಿವಿಂಗ್‌ಸ್ಟನ್, ಲೂಯಿ ಬ್ರೈಲ್, ವಿಲಿಯಂ ಕೇರಿ, ನಮ್ಮ ಕಿಟ್ಟೆಲ್. ಹೈಸ್ಕೂಲಿನಿಂದ ಪಿಯುಸಿವರೆಗೆ ನಾನು ಅವನ್ನೆಲ್ಲ ಒಂದೊಂದಾಗಿ ಓದಿ ಮುಗಿಸಿದೆ. ದೇವರ ಭಾಗ ಬಂದಾಗ ಬೇಗ ಬೇಗ ಪುಟ ತಿರುಗಿಸುತ್ತಿದ್ದೆ. ಮನುಷ್ಯರ ಭಾಗ ಬಂದಾಗ ನಿಧಾನ. ಕೇರಿಯ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬ್ರೈನರ್ಡ್ ಸಿಕ್ಕಿದ. ಕೇರಿ ಓದಿದ ಜೀವನಚರಿತ್ರೆ ಅವನದು! ಜೀವನಚರಿತ್ರೆಯೊಳಗೊಂದು ಜೀವನಚರಿತ್ರೆ.

ವಿಲಿಯಂ ಕೇರಿ ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ. ತಂದೆ ನೇಕಾರ, ಆಮೇಲೆ ಹಳ್ಳಿಯ ಶಾಲೆಯ ಮೇಷ್ಟ್ರಾದವರು. ಮಗ ಕಲಿತದ್ದು ಚಪ್ಪಲಿ ಹೊಲಿಯುವ ಕೆಲಸ. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಪುಸ್ತಕ ಓದಿ ಜಗತ್ತಿನ ಹುಚ್ಚು ಹಿಡಿಸಿಕೊಂಡ. ಕೆಲಸ ಮಾಡುವ ಜಾಗದ ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿ, ಯಾವ ದೇಶದಲ್ಲಿ ಎಷ್ಟು ಜನ, ಯಾವ ಧರ್ಮ ಅಂತ ಅದರಲ್ಲಿ ಬರೆದಿಡುತ್ತಿದ್ದ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಕಲೆಕ್ಷನ್! ಅದೇ ಕಾಲದಲ್ಲಿ ಅವನ ಕೈಗೆ ಬಂದದ್ದು ಬ್ರೈನರ್ಡ್‌ನ ಪುಸ್ತಕ. 1793ರಲ್ಲಿ ಅವನು ಬಂಗಾಳಕ್ಕೆ ಬಂದಿಳಿದ. ಮುಂದೆ 1805ರಲ್ಲಿ ಶ್ರೀರಾಮಪುರದಲ್ಲಿ ಅವನೂ ಅವನ ಜತೆಗಾರರೂ ಬರೆದುಕೊಂಡ ಒಪ್ಪಂದದಲ್ಲಿ ಬ್ರೈನರ್ಡ್‌ನ ಹೆಸರು ಬರುತ್ತದೆ. ಸತ್ತು ಐವತ್ತೆಂಟು ವರ್ಷವಾದ ಮೇಲೆ, ತಾನು ಕಂಡರಿಯದ ದೇಶದಲ್ಲಿ, ಒಬ್ಬ ಕಾಲೇಜು ಬಿಟ್ಟ ಹುಡುಗ ಮಾದರಿಯಾಗಿ ನಿಂತ.

ಕೇರಿಯೊಬ್ಬನೇ ಅಲ್ಲ. ಹೆನ್ರಿ ಮಾರ್ಟಿನ್ ಅಂತ ಇನ್ನೊಬ್ಬ. 1801ರಲ್ಲಿ ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದವನು. ನಾಳೆಯಿಂದ ದೊಡ್ಡ ಸಂಬಳ, ದೊಡ್ಡ ಹೆಸರು ಎಲ್ಲ ಕಾದಿತ್ತು. ಅವನೂ ಬ್ರೈನರ್ಡ್‌ನ ಪುಸ್ತಕ ಓದಿದ, ಭಾರತಕ್ಕೆ ಬಂದ, ಹಿಂದೂಸ್ತಾನಿ ಮತ್ತು ಪಾರಸಿ ಭಾಷೆಗಳಿಗೆ ಬೈಬಲ್ಲಿನ ಹೊಸ ಒಡಂಬಡಿಕೆ ಅನುವಾದಿಸಿದ. 1812ರಲ್ಲಿ, ಊರಿಗೆ ವಾಪಸಾಗುವ ದಾರಿಯಲ್ಲಿ, ತುರ್ಕಿಯ ತೋಕಾತ್‌ನಲ್ಲಿ ತೀರಿಕೊಂಡ. ವಯಸ್ಸು ಮೂವತ್ತೊಂದು. ಆಮೇಲೆ ಅವನ ಜೀವನಚರಿತ್ರೆಯೂ ಬಂತು, ಅದನ್ನೂ ಜನ ಓದಿದರು. ಸರಪಳಿ ಉದ್ದವಾಗುತ್ತಲೇ ಹೋಯಿತು.

ನಮಗೂ ಕೇರಿಗೂ ಒಂದು ನೇರ ನಂಟಿದೆ. 1817ರಲ್ಲಿ ಶ್ರೀರಾಮಪುರದ ಮಿಷನ್ ಮುದ್ರಣಾಲಯದಿಂದ ಅವನ ಕನ್ನಡ ವ್ಯಾಕರಣ ಹೊರಬಂತು. ಬರೆದದ್ದು ಇಂಗ್ಲಿಷಿನಲ್ಲಿ, ಉದಾಹರಣೆಗಳು ಕನ್ನಡದಲ್ಲಿ. ಕನ್ನಡ ಅಕ್ಷರಗಳು ಅಚ್ಚಾದ ತೀರ ಮೊದಲಿನ ಪುಸ್ತಕಗಳಲ್ಲಿ ಅದೂ ಒಂದು. ಕೂಡಲಸಂಗಮದ ಕನ್ನಡ, ಮಂಗಳೂರಿನ ಕನ್ನಡ ಎಲ್ಲ ಬಿಟ್ಟು ಹೂಗ್ಲಿ ನದಿಯ ದಡದಲ್ಲಿ ಕನ್ನಡ ಅಚ್ಚಾಯಿತು ಅಂದರೆ ಸೋಜಿಗವಲ್ಲವೇ?

ಆ ಪುಸ್ತಕ ಬರುವುದಕ್ಕೆ ಐದು ವರ್ಷ ಮೊದಲು, 1812ರ ಮಾರ್ಚ್ 11ರ ಸಂಜೆ, ಅದೇ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿ, ಹತ್ತಾರು ಭಾರತೀಯ ಭಾಷೆಗಳ ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು, ಎಲ್ಲ ಬೂದಿ. ಅನೇಕ ಭಾಷೆಗಳನ್ನು ಒಟ್ಟಿಗೆ ತಂದು ಕೇರಿ ಮಾಡುತ್ತಿದ್ದ ದೊಡ್ಡ ನಿಘಂಟಿನ ಹಸ್ತಪ್ರತಿಯೂ ಹೋಯಿತು. ಕೇರಿ ಆವತ್ತು ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದ. ಮರುದಿನ ಜತೆಗಾರ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಬೇಕಾಯಿತು.

ಈ ಅಧ್ಯಾಯವನ್ನು ಮೊದಲ ಸಲ ಓದಿದಾಗ ನನಗೆ ಹದಿನೈದು ವರ್ಷ. "ಅಬ್ಬಾ, ಎಂಥಾ ಧೈರ್ಯ!" ಅಂದುಕೊಂಡಿದ್ದೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆಯೇ. ಅಚ್ಚಿನ ಮೊಳೆ ತಯಾರಾಗುವುದು ಹೀಗೆ: ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ ಕೆತ್ತುತ್ತಾರೆ. ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಬಡಿದರೆ ಅಕ್ಷರದ ತಗ್ಗು ಮೂಡುತ್ತದೆ. ಆ ತಗ್ಗಿಗೆ ಕರಗಿದ ಸೀಸದ ಮಿಶ್ರಣ ಹೊಯ್ದರೆ ಮೊಳೆ ಸಿದ್ಧ. ಒಂದೇ ಉಕ್ಕಿನ ಕಡ್ಡಿಯಿಂದ ಸಾವಿರಾರು ಮೊಳೆ ತೆಗೆಯಬಹುದು. ಬೆಂಕಿಯಲ್ಲಿ ಸೀಸದ ಮೊಳೆಗಳು ಕರಗಿ ಗಟ್ಟಿಯಾಗಿಬಿಟ್ಟವು. ಆದರೆ ಬೂದಿ ಕೆದಕಿದಾಗ ಉಕ್ಕಿನ ಕಡ್ಡಿಗಳೂ ತಾಮ್ರದ ಅಚ್ಚುಗಳೂ ಹಾಳಾಗದೆ ಸಿಕ್ಕವು! ಕರಗಿದ ಸೀಸವನ್ನೇ ಮತ್ತೆ ಹೊಯ್ದು ಕೆಲಸ ಶುರು ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಿಲ್ಡ್ ಹೋದರೂ ಸೋರ್ಸ್ ಕೋಡ್ ಉಳಿದಿತ್ತು. ಹಸ್ತಪ್ರತಿಗಳಿಗೆ ಮಾತ್ರ ಬ್ಯಾಕಪ್ ಇರಲಿಲ್ಲ. ಅವನ್ನು ಕೇರಿ ಮೊದಲಿನಿಂದ ಬರೆಯಲು ಕೂತ. ಆಗ ಅವನಿಗೆ ಐವತ್ತು.

ಅದಿರಲಿ, ಆ ಉಕ್ಕಿನ ಕಡ್ಡಿಗಳ ಮೇಲೆ ಅಕ್ಷರ ಕೆತ್ತಿದವರು ಯಾರು? ನಾನು ಚರ್ಚಿನಿಂದ ತಂದ ಪುಸ್ತಕದಲ್ಲಿ "ನುರಿತ ದೇಶೀಯ ಕೆಲಸಗಾರರು" ಅಂತ ಅರ್ಧ ಸಾಲಿತ್ತು. ಕುತೂಹಲದಿಂದ ಹುಡುಕಿದಾಗ ಹೆಸರು ಸಿಕ್ಕಿತು: ಪಂಚಾನನ ಕರ್ಮಕಾರ. ಹೆಸರೇ ಹೇಳುವ ಹಾಗೆ ಕಮ್ಮಾರರ ಮನೆತನ. 1778ರಲ್ಲಿ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣ ಅಚ್ಚಾದಾಗ ಚಾರ್ಲ್ಸ್ ವಿಲ್ಕಿನ್ಸ್ ಜತೆ ಸೇರಿ ಬಂಗಾಳಿ ಮೊಳೆಗಳನ್ನು ಮಾಡಿದ್ದು ಇವನೇ. ಆಮೇಲೆ ಶ್ರೀರಾಮಪುರಕ್ಕೆ ಬಂದು ಅಲ್ಲಿನ ಮೊಳೆ ಎರಕದ ಕೆಲಸಕ್ಕೆ ಬುನಾದಿ ಹಾಕಿದ. ಅವನ ನಂತರ ಅಳಿಯ ಮನೋಹರ ಮುಂದುವರಿಸಿದ. ಬೆಂಕಿಯಿಂದ ಉಳಿದದ್ದು ಇಂಥವರ ಕೈಯ ಕೆಲಸ. ಹಾಗೆಯೇ ಅಮೆರಿಕದ ಕಾಡಿನಲ್ಲಿ ಬ್ರೈನರ್ಡ್‌ನ ಮಾತನ್ನು ಜನರಿಗೆ ತಲುಪಿಸಿದ್ದು ಮೋಸೆಸ್ ಟಾಟಮಿ ಎಂಬ ಡೆಲವೇರ್ ಬುಡಕಟ್ಟಿನ ದುಭಾಷಿ. ಇವರಿಗೆಲ್ಲ ಚರ್ಚಿನ ಕಪಾಟಿನಲ್ಲಿ ಪ್ರತ್ಯೇಕ ಪುಸ್ತಕವಿರಲಿಲ್ಲ.

ಅಲ್ಲಿಂದ ನನಗೆ ಒಂದು ಚಟ ಹತ್ತಿತು. ಯಾವುದೇ ಜೀವನಚರಿತ್ರೆ ಓದಿದರೂ, ಇದರಲ್ಲಿ ಬಿಟ್ಟದ್ದೇನು ಅಂತ ಹುಡುಕುವುದು. ಬ್ರೈನರ್ಡ್‌ನದ್ದನ್ನೇ ತೆಗೆದುಕೊಳ್ಳಿ. ಯಾವ ಯೇಲ್ ಅವನನ್ನು ಹೊರಹಾಕಿತೋ ಅದೇ ಯೇಲ್‌ನ ಪ್ರಕಾಶನ 1985ರಲ್ಲಿ ಎಡ್ವರ್ಡ್ಸ್ ಪುಸ್ತಕದ ವಿದ್ವತ್ ಆವೃತ್ತಿ ತಂದಿತು. ಸಂಪಾದಕ ನಾರ್ಮನ್ ಪೆಟಿಟ್. ಬ್ರೈನರ್ಡ್‌ನ ಕೈಬರಹದ ಡೈರಿಯ ಸ್ವಲ್ಪ ಭಾಗ ಉಳಿದುಕೊಂಡಿದೆ. ಅದನ್ನೂ ಎಡ್ವರ್ಡ್ಸ್ ಅಚ್ಚು ಹಾಕಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅವನ ಖಿನ್ನತೆಯನ್ನು ಎಡ್ವರ್ಡ್ಸ್ ಪೂರ್ತಿ ಮುಚ್ಚಿಟ್ಟಿಲ್ಲ, ಮುನ್ನುಡಿಯಲ್ಲೇ ಹೇಳಿದ್ದಾರೆ. ಆದರೆ ತೀರ ಕತ್ತಲೆಯ ಕೆಲವು ಭಾಗಗಳನ್ನು ಕತ್ತರಿಸಿ, ಕೆಲವನ್ನು ಮೆತ್ತಗೆ ಮಾಡಿದ್ದಾರೆ. ಓದುಗರಿಗೆ ಮಾದರಿ ಬೇಕಲ್ಲ!

ನನಗನ್ನಿಸುವುದು ಬೇರೆ. ಆಫೀಸಿನಲ್ಲಿ ಎರಡು ವರ್ಷ ದುಡಿದ ಪ್ರಾಜೆಕ್ಟು ಒಂದು ಮೀಟಿಂಗಿನಲ್ಲಿ ರದ್ದಾದಾಗ ನನಗೆ ನೆನಪಾದದ್ದು ಬ್ರೈನರ್ಡ್‌ನ ಭಕ್ತಿಯಲ್ಲ. ಬೆಳಿಗ್ಗೆ ಎದ್ದು ಇವತ್ತು ನನ್ನಿಂದ ಏನೂ ಆಗದು ಅಂದುಕೊಂಡು, ಮತ್ತೆ ಕುದುರೆ ಹತ್ತಿ ಹೊರಟ ದಿನಗಳು. ಗೆದ್ದವರ ಕಥೆ ಮೆಚ್ಚಲು ಚೆನ್ನ, ಆದರೆ ಸೋತ ದಿನ ಜತೆಗೆ ಬರುವುದು ಅಂಥ ಪುಟಗಳು ಮಾತ್ರ.

ಇನ್ನು ಕೇರಿಯ ಜೀವನಚರಿತ್ರೆಯಲ್ಲಿ ಬಿಟ್ಟದ್ದು ಸಣ್ಣದಲ್ಲ. ಅವನ ಹೆಂಡತಿ ಡೊರೊಥಿ.

1781ರಲ್ಲಿ ಮದುವೆಯಾದಾಗ ಡೊರೊಥಿಗೆ ಓದುಬರಹ ಬರುತ್ತಿರಲಿಲ್ಲ. ಮದುವೆಯ ದಾಖಲೆಯಲ್ಲಿ ಸಹಿಯ ಜಾಗದಲ್ಲಿ ಒಂದು ಗುರುತು ಹಾಕಿದ್ದಾಳೆ. 1793ರಲ್ಲಿ ಗಂಡ ಭಾರತಕ್ಕೆ ಹೊರಡುತ್ತೇನೆ ಅಂದಾಗ ಅವಳು ತುಂಬು ಗರ್ಭಿಣಿ. ನಾನು ಬರುವುದಿಲ್ಲ ಅಂದಳು. ಕೇರಿ ದೊಡ್ಡ ಮಗನನ್ನು ಕರೆದುಕೊಂಡು ಹೊರಟೇಬಿಟ್ಟ! ಹಡಗಿನ ವಿಷಯದಲ್ಲಿ ತೊಡಕಾಗಿ ಪ್ರಯಾಣ ತಡವಾಯಿತು. ಅಷ್ಟರಲ್ಲಿ ಹೆರಿಗೆಯಾಗಿತ್ತು. ಅವನು ಮತ್ತೆ ಬಂದು ಕೇಳಿದಾಗ, ತಂಗಿ ಕಿಟಿ ಜತೆಗೆ ಬರುವುದಾದರೆ ಬರುತ್ತೇನೆ ಅಂತ ಒಪ್ಪಿ, ಕೆಲವೇ ವಾರಗಳ ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದಳು. ಐದು ತಿಂಗಳ ಸಮುದ್ರ. ಬಂಗಾಳದಲ್ಲಿ ಬಡತನ, ಜ್ವರ, ಭೇದಿ. 1794ರಲ್ಲಿ ಐದು ವರ್ಷದ ಮಗ ಪೀಟರ್ ಸತ್ತುಹೋದ. ಅದಾದ ಮೇಲೆ ಡೊರೊಥಿಯ ಮನಸ್ಸು ಸ್ಥಿಮಿತ ಕಳೆದುಕೊಂಡಿತು, ಮತ್ತೆ ಸರಿಹೋಗಲಿಲ್ಲ. ಕೊನೆಕೊನೆಗೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಬೇಕಾಗುತ್ತಿತ್ತು. ಅದೇ ಮನೆಯಲ್ಲಿ ಕೇರಿ ಕೂತು ಅನುವಾದ ಮಾಡುತ್ತಿದ್ದ. 1807ರಲ್ಲಿ ಅವಳು ತೀರಿಕೊಂಡಳು. ಅವಳ ಮೇಲೆಯೇ ಒಂದು ಪುಸ್ತಕವನ್ನು ಜೇಮ್ಸ್ ಬೆಕ್ 1992ರಲ್ಲಿ ಬರೆದರು. ಅಲ್ಲಿಯವರೆಗೆ ಬಹಳಷ್ಟು ಪುಸ್ತಕಗಳಲ್ಲಿ ಅವಳು ಮಹಾಪುರುಷನ ಕಾಲಿಗೆ ತೊಡರಿದ ಬಳ್ಳಿ, ಅಷ್ಟೇ.

ಹಾಗಾದರೆ ಕೇರಿ ಕೆಟ್ಟವನೇ? ಅಷ್ಟು ಸುಲಭವಾಗಿ ಹೇಳಲಾಗದು. ಹೆಂಡತಿಯನ್ನು ಆಸ್ಪತ್ರೆಗೆ ಹಾಕಿ ಕೈತೊಳೆದುಕೊಳ್ಳದೆ ಕೊನೆಯವರೆಗೂ ಮನೆಯಲ್ಲೇ ಇಟ್ಟುಕೊಂಡ. ಆ ಕಾಲದ ಹುಚ್ಚಾಸ್ಪತ್ರೆಗಳ ಸ್ಥಿತಿ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು. ಆದರೆ ಅವನ ಕನಸಿನ ಖರ್ಚು ಕಟ್ಟಿದ್ದು ಅವನೊಬ್ಬನೇ ಅಲ್ಲ. ಅರ್ಧಕ್ಕಿಂತ ಹೆಚ್ಚು ಕಟ್ಟಿದ್ದು ಡೊರೊಥಿ. ಅದೂ ಅವಳದ್ದಲ್ಲದ ಕನಸಿಗೆ.

ಅದೇ ಕಪಾಟಿನಲ್ಲಿದ್ದ ಕಿಟ್ಟೆಲ್ಲರ ಪುಸ್ತಕ ಕನ್ನಡದಲ್ಲಿತ್ತು, ತೆಳ್ಳಗಿತ್ತು. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನಲ್ಲಿ. ಬಾಸೆಲ್ ಮಿಷನ್ ಕಡೆಯಿಂದ 1853ರಲ್ಲಿ ಕರ್ನಾಟಕಕ್ಕೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಮುಳುಗಿಹೋದದ್ದು ಕನ್ನಡದಲ್ಲಿ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಅವರ ಸಂಪಾದನೆಯಲ್ಲಿ ಬಂದವು. 1894ರಲ್ಲಿ ಮಂಗಳೂರಿನಿಂದ ಆ ಮಹಾ ನಿಘಂಟು. ಸುಮಾರು 70,000 ಶಬ್ದ! 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇದೆಲ್ಲ ನಾವು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದು.

ಶಾಲೆಯಲ್ಲಿ ಹೇಳದ್ದು ಇಷ್ಟು. 1860ರಲ್ಲಿ ಮದುವೆಯಾದ ಪೌಲೀನ್ ನಾಲ್ಕೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಅವರ ಸಹೋದರಿ ಜೂಲಿಯನ್ನು ಕಿಟ್ಟೆಲ್ ಮದುವೆಯಾದರು. 1877ರಲ್ಲಿ ಸಂಸಾರ ಸಮೇತ ಜರ್ಮನಿಗೆ ಹೋದವರು, ನಿಘಂಟಿನ ಕೆಲಸಕ್ಕೆಂದು ಕೆಲವು ವರ್ಷಗಳ ನಂತರ ಮತ್ತೆ ಇಲ್ಲಿಗೆ ಬಂದು 1892ರವರೆಗೆ ಉಳಿದರು. ನಾವು 'ತಪಸ್ಸು' ಅನ್ನುತ್ತೇವೆ. ತಪಸ್ಸಿಗೆ ಕೂತವನ ಮನೆಯಲ್ಲಿ ಸೌದೆ ತಂದವರು ಯಾರು, ಮಕ್ಕಳ ಜ್ವರಕ್ಕೆ ರಾತ್ರಿ ಎದ್ದವರು ಯಾರು ಅಂತ ಕೇಳುವುದಿಲ್ಲ. ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿದೆ, ದಿನಕ್ಕೊಮ್ಮೆಯಾದರೂ ತೆರೆಯುತ್ತೇನೆ. ತೆರೆದಾಗಲೆಲ್ಲ ಪೌಲೀನ್ ಮತ್ತು ಜೂಲಿ ಎಂಬ ಎರಡು ಹೆಸರು ನೆನಪಾಗುತ್ತವೆ. ಈ ಋಣದಲ್ಲಿ ಕನ್ನಡಿಗರಾದ ನಮ್ಮದೂ ಪಾಲಿದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಒಂದು ಕಾರಣವಿದೆ. ಮೂರು ವರ್ಷದಿಂದ ಆಫೀಸು ಮುಗಿಸಿ ಬಂದ ಮೇಲೆ ರಾತ್ರಿ ಕೂತು ಕನ್ನಡದ ಕಾಗುಣಿತ ತಪ್ಪು ಹುಡುಕುವ ಒಂದು ತಂತ್ರಾಂಶ ಬರೆಯುತ್ತಿದ್ದೇನೆ. ಕನ್ನಡದ ಒಂದು ಕ್ರಿಯಾಪದಕ್ಕೆ ಎಷ್ಟು ರೂಪಗಳಿವೆ ಅಂತ ಲೆಕ್ಕ ಹಾಕಲು ಹೊರಟವರಿಗೇ ಗೊತ್ತು ಆ ಕಷ್ಟ. ದುಡ್ಡಿಲ್ಲ, ಬಳಸುವವರು ಬೆರಳೆಣಿಕೆಯಷ್ಟು. ಮುಂದುವರಿಸುವ ಹಟ ಬಂದದ್ದು ಇದೇ ಪುಸ್ತಕಗಳಿಂದ. ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ, ಹೆಂಡತಿಗೂ ನನ್ನ ಹಾಗೇ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಈಗ ಕಂಪನಿಯಲ್ಲಿ ಎರಡು ವರ್ಷ ಆನ್‌ಸೈಟ್ ಕಳಿಸುತ್ತೇವೆ ಅನ್ನುತ್ತಿದ್ದಾರೆ. ಒಬ್ಬನೇ ಹೋಗಬೇಕು. ಸಂಜೆ ಐದಕ್ಕೆ ಕೆಲಸ ಮುಗಿಯುವ ಊರು, ತಂತ್ರಾಂಶ ಎರಡೇ ವರ್ಷದಲ್ಲಿ ಮುಗಿದೀತು.

ಹದಿನೈದರಲ್ಲಿ ಕೇರಿಯ ಪುಸ್ತಕವಷ್ಟೇ ಓದಿದ್ದ ಹುಡುಗನನ್ನು ಕೇಳಿದ್ದರೆ ತಕ್ಷಣ "ಹೊರಡು" ಅನ್ನುತ್ತಿದ್ದ. ಡೊರೊಥಿಯ ಕಥೆ ಓದಿದವನಿಗೆ ಅಷ್ಟು ಸಲೀಸಲ್ಲ. ಹೆಂಡತಿಯ ಮುಂದೆ ಎಲ್ಲ ಹೇಳಿದೆ, ಡೊರೊಥಿಯ ಕಥೆಯನ್ನೂ ಸೇರಿಸಿ. ಅವಳು ಕೇಳಿ ನಕ್ಕಳು. "ನಾನು ಸಹಿ ಹಾಕೋಕೆ ಬರೋಳು ಕಣ್ರೀ, ಅಷ್ಟು ಹೆದರಬೇಡಿ. ಆದ್ರೆ ಯೋಚನೆ ಮಾಡೋಕೆ ನಂಗೂ ಒಂದು ತಿಂಗಳು ಕೊಡಿ" ಅಂದಳು. ಕೊಟ್ಟಿದ್ದೇನೆ. ತೀರ್ಮಾನ ಏನಾಗುತ್ತದೋ ಗೊತ್ತಿಲ್ಲ, ಆದರೆ ಅದು ಇಬ್ಬರದೂ ಆಗಿರುತ್ತದೆ.

ಜೀವನಚರಿತ್ರೆಗಳನ್ನು ಓದಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಓದಿ, ಮಕ್ಕಳಿಗೂ ಓದಿಸಿ. ಇಪ್ಪತ್ತೊಂಬತ್ತಕ್ಕೆ ಸತ್ತವನೊಬ್ಬನ ಡೈರಿ ಒಬ್ಬ ಚಪ್ಪಲಿ ಹೊಲಿಯುವವನನ್ನು ಎಬ್ಬಿಸಿ, ಅವನಿಂದ ನಮ್ಮ ಭಾಷೆಗೆ ಒಂದು ವ್ಯಾಕರಣ ಬರೆಸಿತು ಅಂದರೆ ಅದೇನು ಸಣ್ಣ ಮಾತೇ? ಆದರೆ ಓದುವಾಗ ಒಂದು ಕಣ್ಣು ಅರ್ಧ ಸಾಲಿನಲ್ಲಿ ಬಂದು ಹೋಗುವವರ ಮೇಲೂ ಇರಲಿ: ಅಕ್ಷರ ಕೆತ್ತಿದವನು, ಮಾತು ದಾಟಿಸಿದವನು, ಪಕ್ಕದ ಕೋಣೆಯಲ್ಲಿದ್ದವಳು. ದೊಡ್ಡವರ ಹಾಗೆ ಬದುಕುವ ಯೋಗ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಆ ಅರ್ಧ ಸಾಲಿನವರ ಹಾಗೆ ಬದುಕುವವರು ಮಾತ್ರ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಿಮ್ಮ ಮನೆಯಲ್ಲಿ ಯಾರು?